ಆಮೆಹಳ್ಳದ ದಾರಿ ಮುಚ್ಚಿಸಿದವನು

ವೆಸ್ಟ್ ಹೋಲ್ಮ್, ಸೌತ್ ಡಕೋಟಾ
ಫೆಬ್ರವರಿ ೧೮, ಬುಧವಾರ

ಪ್ರೀತಿಯ ತಮ್ಮ ರೋಲ್ಫ್,

ಹೇಗಿದ್ದೀಯ? ಬಲಗೈ ಹೆಬ್ಬೆರಳು ಮಡಚೋಕೆ ಬರುತ್ತಾ ಈಗ? ದೋಣಿ ಎಂಜಿನ್ನಿಗೆ ಬೆರಳು ಕೊಟ್ಟ ಸುದ್ದೀನ ಕ್ರಿಸ್‌ಮಸ್ ಕಾರ್ಡಿನ ಮೂಲೆಯಲ್ಲಿ ಒಂದೇ ಸಾಲಲ್ಲಿ ಬರೆದು ಕಳಿಸಿದ್ದೆಯಲ್ಲ, ನಿನ್ನ ಅತ್ತಿಗೆ ಡಾರ್ಲಾ ಅದನ್ನು ಓದಿ ಎರಡು ದಿನ ನನ್ನ ಮೇಲೆ ಸಿಟ್ಟಾಗಿದ್ದಳು. ನಿನ್ನ ಮೇಲೆ ಸಿಟ್ಟಾಗೋಣ ಅಂದರೆ ನೀನು ಅಲಾಸ್ಕಾದಲ್ಲಿದ್ದೀಯ, ಕೈಗೆ ಸಿಗೋ ಸ್ಟಾವಿಗ್ ಮನೆಯವನು ನಾನೊಬ್ಬನೇ. ಗಾಯ ಪೂರ್ತಿ ಒಣಗೋ ತನಕ ಉಪ್ಪುನೀರಿಗೆ ಕೈ ಹಾಕಬೇಡ. ನಾವು ಇಲ್ಲಿ ಚೆನ್ನಾಗಿದ್ದೀವಿ. ನನ್ನ ಎಡ ಮಂಡಿ ಮೆಟ್ಟಿಲು ಹತ್ತುವಾಗ ಹಳೇ ಗೇಟಿನ ಹಾಗೆ ಕಿರುಗುಟ್ಟುತ್ತೆ, ಡಾಕ್ಟರು ತೂಕ ಇಳಿಸು ಅಂದರು, ನಾನು ಮೆಟ್ಟಿಲು ಹತ್ತೋದು ಬಿಟ್ಟೆ. ಈ ಸಲ ಹಿಮ ಕಮ್ಮಿ, ಗಾಳಿ ಜಾಸ್ತಿ. ಹಸುಗಳು ಕರು ಹಾಕೋಕೆ ಇನ್ನೂ ಮೂರು ವಾರ ಇದೆ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಹವಾಮಾನ ಹೇಳ್ತೀನಿ, ನೀನು ಹೂಂ ಅಂತೀಯ, ಅಲ್ಲಿಗೆ ಅಣ್ಣತಮ್ಮಂದಿರ ಮಾತು ಮುಗಿಯುತ್ತೆ. ಈಗ ಹೇಳಬೇಕಾದ್ದು ಅಷ್ಟು ಸಲೀಸಾಗಿ ಮುಗಿಯೋದಲ್ಲ. ಅಕ್ಟೋಬರಿನಿಂದ ಈಚೆಗೆ ನನಗೆ ಎಲ್ಲ ಗೋಜಲಾಗಿದೆ ರೋಲ್ಫ್. ಯಾವುದು ಸರಿ ಮಾಡಿದೆ, ಯಾವುದು ತಪ್ಪು ಮಾಡಿದೆ ಅಂತ ಬಿಡಿಸಿ ನೋಡೋಕೆ ಕೂತರೆ ದಾರದ ತುದಿಯೇ ಸಿಗಲ್ಲ. ನೀನು ದೂರ ಇದ್ದೀಯ, ದೂರದವರಿಗೆ ಕಾಣುತ್ತೇನೋ ಅಂತ ಬರೀತಿದ್ದೀನಿ.

ನಾನು ಕೌಂಟಿ ಕಮಿಷನರ್ ಆಗಿದ್ದು ಹೇಗೆ ಅಂತ ನಿನಗೆ ಪೂರ್ತಿ ಹೇಳಿಲ್ಲ ಅನ್ಸುತ್ತೆ. ನಾಲ್ಕು ವರ್ಷದ ಹಿಂದೆ ಸುಗ್ಗಿ ಹೊತ್ತಲ್ಲಿ ನಮ್ಮ ಹೊಲದ ಮುಂದಿನ ರಸ್ತೆ ಹುಗ್ಗಿಯಾಗಿ ಮುಸುಕಿನ ಜೋಳದ ಲಾರಿ ಎರಡು ದಿನ ಹೂತುಕೊಂಡಿತ್ತು. ನಾನು ಹೊಲದಿಂದ ನೆಟ್ಟಗೆ, ಬೂಟಿನ ಸೆಗಣಿ ಸಮೇತ, ರಸ್ತೆ, ಸೇತುವೆ ನೋಡಿಕೊಳ್ಳೋ ಕೌಂಟಿ ಮಂಡಳಿಯ ಸಭೆಗೆ ನುಗ್ಗಿ, 'ನಿಮ್ಮಲ್ಲಿ ಯಾರಾದ್ರೂ ಕಾರಿಳಿದು ಆ ರಸ್ತೇಲಿ ನಾಲ್ಕು ಹೆಜ್ಜೆ ನಡೆದಿದ್ದೀರೇನ್ರಯ್ಯ?' ಅಂತ ಕೂಗಾಡಿದೆ. ಮಾರನೇ ದಿನ ಕೆಫೆಯಲ್ಲಿ ದನದ ಮೇವಿನ ಅಂಗಡಿ ವರ್ಲಿನ್ ಬೆನ್ನು ತಟ್ಟಿ, 'ಇಷ್ಟು ಗಂಟಲು ಇಟ್ಕೊಂಡು ದನದ ಹತ್ರ ಯಾಕೆ ವ್ಯರ್ಥ ಮಾಡ್ತೀಯ, ನೀನೇ ನಿಲ್ಲು' ಅಂದ. ನಗುನಗುತ್ತಾ ನಿಂತೆ. ಮೂವತ್ತೊಂದು ಓಟಿನಲ್ಲಿ ಗೆದ್ದಾಗ ಆ ನಗು ಹೋಯ್ತು. ಪ್ರಚಾರದಲ್ಲಿ ನಾನು ಕೊಟ್ಟಿದ್ದು ಒಂದೇ ಮಾತು: ನಾನಿರೋವರೆಗೆ ಈ ಕೌಂಟಿಯಲ್ಲಿ ಒಂದು ರಸ್ತೆಯನ್ನೂ ಮುಚ್ಚೋಕೆ ಬಿಡಲ್ಲ.

ಆಮೇಲಿನ ಬದುಕು ಕೇಳು. ಬೆಳಗಿನ ತಿಂಡಿಗೆ ಕೂತರೆ ಫೋನು. ಮೋರಿ ಕಟ್ಟಿಕೊಂಡಿದೆ ಕಮಿಷನರ್, ರಸ್ತೆಯಲ್ಲಿ ಜಿಂಕೆ ಸತ್ತು ಬಿದ್ದಿದೆ ಕಮಿಷನರ್, ಪಕ್ಕದವನ ಹೊಲದ ಕಳೆ ನನ್ನ ಸೋಯಾಗೆ ಹಬ್ಬುತ್ತಿದೆ ಕಮಿಷನರ್. ಅರವತ್ತು ವರ್ಷ ಗೇಲನ್ ಅಂತ ಕರೆದ ಬಾಯಿಗಳೇ ಇವು! ಕೆಫೆಗೆ ಹೋದರೆ ಮಾತು ಒಂದು ಕ್ಷಣ ನಿಲ್ಲುತ್ತೆ, ಆಮೇಲೆ ಎಲ್ಲರೂ ಮಳೆ ವಿಷಯ ತೆಗೀತಾರೆ. ನನ್ನ ನಾಲಿಗೆಯೂ ಕೆಟ್ಟಿತು. ಯಾರೇನು ಕೇಳಿದರೂ 'ಪರಿಶೀಲಿಸೋಣ' ಅಂತ ಬರೋಕೆ ಶುರುವಾಯ್ತು. ಒಂದು ದಿನ ಡಾರ್ಲಾ, 'ಆಲೂಗಡ್ಡೆ ಬೇಯಿಸ್ಲಾ, ಹುರೀಲಾ' ಅಂತ ಕೇಳಿದ್ದಕ್ಕೂ ಅದೇ ಅಂದೆನಂತೆ. 'ಹಾಗಾದ್ರೆ ಸಮಿತಿ ವರದಿ ಬರೋವರೆಗೆ ಉಪವಾಸ ಇರು' ಅಂತ ತಟ್ಟೆ ಎತ್ತಿಟ್ಟಳು.

ಇರಲಿ. ಈಗ ಆಮೆಹಳ್ಳದ ಸೇತುವೆ ವಿಷಯ. ನಿನಗೆ ಬರೆಯೋ ಕಾಗದದಲ್ಲಿ ನಾನು ಆರ್ಡಿಸ್ ಹೆಸರು ಎತ್ತಿ ಇಪ್ಪತ್ತೆರಡು ವರ್ಷವಾಯ್ತು. ನೀನು ಅವಳನ್ನು ಕರೆದುಕೊಂಡು ಹೋಗ್ತೀನಿ ಅಂತ ಎರಡು ಟಿಕೆಟ್ ತಂದು, ಒಬ್ಬನೇ ಹೊರಟ ದಿನದಿಂದ ಅದು ನಮ್ಮಿಬ್ಬರ ನಡುವೆ ಬೇಲಿ ಹಾಕಿದ ಜಾಗ. ಆದರೆ ಅವಳನ್ನು ಬಿಟ್ಟು ಈ ಕಥೆ ಹೇಳೋಕಾಗಲ್ಲ, ಮನ್ನಿಸು. ಆ ರಸ್ತೆಯ ಕೊನೆಗೆ ಈಗ ಉಳಿದಿರೋದು ಅವಳ ಮನೆಯೊಂದೇ. ಅವಳು, ನೂರಿಪ್ಪತ್ತು ಕುರಿ, ಒಂದು ನಾಯಿ. ಸೇತುವೆಯ ಮರದ ಕಂಬಗಳು ಒಳಗೊಳಗೇ ಕೊಳೆತಿವೆ, ಹೊಸದು ಕಟ್ಟಬೇಕು ಇಲ್ಲ ದಾರಿ ಮುಚ್ಚಬೇಕು ಅಂತ ಕಳೆದ ಏಪ್ರಿಲ್‌ನಲ್ಲಿ ಎಂಜಿನಿಯರ್ ವರದಿ ಬಂತು. ಅದೇ ಖರ್ಚಿನಲ್ಲಿ ಪಶ್ಚಿಮ ಭಾಗದಲ್ಲಿ ಶಾಲೆ ಬಸ್ಸು ಓಡಾಡೋ ಮೂರು ಸೇತುವೆ ಆಗುತ್ತಿದ್ದವು. ಮುಚ್ಚಿದರೆ ಆರ್ಡಿಸ್‌ಗೆ ಉಳಿಯೋದು ಉತ್ತರದ ಮಣ್ಣುದಾರಿ, ಅದು ವರ್ಷದಲ್ಲಿ ಅರ್ಧ ಕೆಸರು, ಅರ್ಧ ಹಿಮ. ಮಂಡಳಿಯಲ್ಲಿ ಐದು ಜನ. ಇಬ್ಬರು ಮುಚ್ಚೋಣ ಅಂತ, ಇಬ್ಬರು ಬೇಡ ಅಂತ. ಐದನೆಯವನು ನಿನ್ನಣ್ಣ.

ಅಕ್ಟೋಬರಿನ ಆ ಮಂಗಳವಾರ ಕೋರ್ಟು ಕಟ್ಟಡದ ಸಭಾಂಗಣದಲ್ಲಿ ನಲವತ್ತು ಜನ ಸೇರಿದ್ದರು. ಹೆಂಗಸರು ಕಾಫಿ, ಕುಂಬಳಕಾಯಿ ಕೇಕು ತಂದಿದ್ದರು. ಒಬ್ಬೊಬ್ಬರೂ ಎದ್ದು ಆರ್ಡಿಸ್ ಪರವಾಗಿ ಮಾತಾಡಿದ್ದೇ ಮಾತಾಡಿದ್ದು. ಒಂಟಿ ಹೆಂಗಸಿನ ದಾರಿ ಕೀಳೋದು ಯಾವ ನ್ಯಾಯ, ಇವತ್ತು ಅವಳದು ನಾಳೆ ನಮ್ಮದು, ಅಂತ. ವರ್ಲಿನ್ ಅಂತೂ ಎದೆ ಮೇಲೆ ಕೈಯಿಟ್ಟು, 'ಅವರಪ್ಪ ಹಾಲ್ವರ್ ತನ್ನ ಕೈಯಾರೆ ಕಂಬ ನೆಟ್ಟ ಸೇತುವೆ ಅದು' ಅಂದಾಗ ಇಬ್ಬರು ಮೂಗು ಒರೆಸಿಕೊಂಡರು. ಬಾರದೇ ಇದ್ದವಳು ಆರ್ಡಿಸ್ ಒಬ್ಬಳೇ. ಕುರಿ ಕೆಲಸ ಇರುತ್ತೆ ಅಂದುಕೊಂಡೆವು. ನಾನು ದಾರಿ ಉಳಿಸೋ ಕಡೆ ಕೈ ಎತ್ತಿದೆ. ಚಪ್ಪಾಳೆ ಅಂದರೆ ಅದು ಚಪ್ಪಾಳೆ! ವರ್ಲಿನ್ ನನ್ನನ್ನು ತಬ್ಬಿಕೊಂಡು, 'ಮಾತಿಗೆ ತಪ್ಪದ ಮಗ' ಅಂದ. ಸುಳ್ಳು ಯಾಕೆ ಹೇಳಲಿ, ನಾಲ್ಕು ವರ್ಷದಲ್ಲಿ ಮೊದಲನೇ ಸಲ ನಾನು ಒಳ್ಳೆ ಕೆಲಸಕ್ಕೆ ಬಂದವನು ಅನ್ನಿಸಿತು.

ಉಳಿದ ಕೇಕನ್ನು ಡಾರ್ಲಾ ಕಾಗದದಲ್ಲಿ ಸುತ್ತಿ ಕೊಟ್ಟಳು. ಮಧ್ಯಾಹ್ನವೇ ಸುದ್ದಿ ಹೇಳೋಣ ಅಂತ ಆರ್ಡಿಸ್ ಮನೆಗೆ ಹೋದೆ. ಕೊಟ್ಟಿಗೆಯಲ್ಲಿ ಒಂದು ಕುರೀನ ಕಾಲ ಸಂದಿಯಲ್ಲಿ ಕೂರಿಸಿಕೊಂಡು ಗೊರಸು ಕತ್ತರಿಸುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ, ಕೈಹಿಡಿತ ಮಾತ್ರ ಹಾಗೇ ಇದೆ. ನಾನು ಹಬ್ಬದ ಸುದ್ದಿ ಹೇಳೋ ಹಾಗೆ ಹೇಳಿದೆ. ಅವಳು ಕತ್ತರಿ ನಿಲ್ಲಿಸಲಿಲ್ಲ. ಆ ಕಾಲು ಮುಗಿಸಿ, ಇನ್ನೊಂದು ಕಾಲು ಮುಗಿಸಿ, ಕುರೀನ ಬಿಟ್ಟು, ತಲೆ ಎತ್ತಿ, 'ನಿನ್ನನ್ನ ಯಾರು ಕೇಳಿದ್ರು ಗೇಲನ್?' ಅಂದಳು.

ನನಗೆ ಅರ್ಥವಾಗಲಿಲ್ಲ. ಆಮೇಲೆ ಹೇಳಿದಳು. ಇದನ್ನು ನೀನು ಸಾವಕಾಶವಾಗಿ ಓದು. ನೀನು ಹೊರಡೋದಿತ್ತಲ್ಲ, ಅದೇ ವಾರ ಹಾಲ್ವರ್‌ಗೆ ಮೊದಲನೇ ಸಲ ಪಾರ್ಶ್ವವಾಯು ಬಡಿದದ್ದು. ಸೊಟ್ಟಗಾದ ಬಾಯಲ್ಲೇ ಮಗಳ ಕೈ ಹಿಡಿದು, 'ಸೇತುವೆ ದಾಟಿ ಈ ಬಾಗಿಲಿಗೆ ದಾರಿ ಇರೋವರೆಗೆ ಈ ಜಾಗ ಬಿಡಬೇಡ' ಅಂತ ಮಾತು ತಗೊಂಡನಂತೆ. ಅವಳು ಕೊಟ್ಟಳು. ನಿನಗೆ ಕಾರಣ ಹೇಳಲಿಲ್ಲ, ಹೇಳಿದ್ದರೆ ನೀನು ಇಲ್ಲೇ ಉಳೀತಿದ್ದೆ, ಉಳಿದು ತನ್ನ ಹಾಗೇ ಆಗ್ತಿದ್ದೆ ಅಂದಳು. ಅಪ್ಪ ಸತ್ತು ಹತ್ತೊಂಬತ್ತು ವರ್ಷವಾದರೂ ಆ ಮಾತು ಸಾಯಲಿಲ್ಲ. ಬೆನ್ನು ಹೋಗಿದೆ, ಕುರಿ ಕಂಡರೆ ವಾಕರಿಕೆ ಬರುತ್ತೆ, ಬಿಡೋಕೆ ಮಾತ್ರ ಆಗಲ್ಲ. ಅಷ್ಟರಲ್ಲಿ ಏಪ್ರಿಲ್‌ನಲ್ಲಿ ಕೌಂಟಿಯ ಕಾಗದ ಬಂತು. 'ಅವತ್ತಿಂದ ನಂಗೆ ಚೆನ್ನಾಗಿ ನಿದ್ದೆ ಬರ್ತಿತ್ತು ಕಣೋ. ಜಾಗ ನಾನಾಗಿ ಬಿಡ್ಲಿಲ್ಲ, ದಾರೀನ ಸರ್ಕಾರ ಕಿತ್ಕೊಳ್ತು ಅಂತ ಆಗ್ತಿತ್ತು. ನೀನು ಬಂದು ಉಳಿಸಿಬಿಟ್ಟೆ.'

ಸಭೆಗೆ ಬಂದು ಹೇಳಬಹುದಿತ್ತಲ್ಲ ಮಾರಾಯ್ತಿ ಅಂದೆ. 'ನಲವತ್ತು ಜನದ ಎದುರು ನಿಂತು, ನಾನು ಸೋತೆ, ನಮ್ಮಪ್ಪನ ಜಾಗ ನಂಗೆ ಬೇಡ ಅಂತ ಹೇಳಬೇಕಿತ್ತಾ? ನೀನು ಕೈ ಎತ್ತದೇ ಇದ್ದಿದ್ರೆ ಸಾಕಿತ್ತು. ನಾವು ಮಾಡೋಕಾಗದ್ದನ್ನ ಮಾಡಿ ಬೈಸಿಕೊಳ್ಳೋದಕ್ಕೇ ಅಲ್ವಾ ನಿಮ್ಮನ್ನ ಅಲ್ಲಿ ಕೂರಿಸಿರೋದು' ಅಂದಳು. ಕೇಕು ತಗೊಳ್ಳಲಿಲ್ಲ. ವಾಪಸು ಬರುವಾಗ ಅದೇ ಸೇತುವೆ ಮೇಲೆ ಗಾಡಿ ನಿಲ್ಲಿಸಿ ಪೂರ್ತಿ ನಾನೇ ತಿಂದೆ. ಯಾಕೆ ತಿಂದೆ ಅಂತ ಗೊತ್ತಿಲ್ಲ, ಹಸಿವಿರಲಿಲ್ಲ.

ಎರಡು ವಾರ ನನಗೆ ತಲೆಯೇ ಓಡಲಿಲ್ಲ. ನಿಯಮ ಏನು ಗೊತ್ತಾ, ಆದ ತೀರ್ಮಾನವನ್ನು ಮತ್ತೆ ತೆಗೀಬೇಕಾದರೆ ಗೆದ್ದ ಕಡೆಯವನೇ ಕೇಳಬೇಕು, ಅದೂ ಮುಂದಿನ ಸಭೆಯಲ್ಲೇ. ಅಂದರೆ ಆ ಕಡೆಯ ಉಳಿದ ಇಬ್ಬರು ಕೇಳಲ್ಲ, ನಾನೇ ಕೇಳಬೇಕು. ಕೇಳಿದರೆ ಯಾಕೆ ಅಂತಾರೆ. ಯಾಕೆ ಅಂತ ಹೇಳಿದರೆ ಆರ್ಡಿಸ್ ಮಾನ ಬೀದಿಗೆ. ಹೇಳದಿದ್ದರೆ ನನ್ನ ಮಾನ ಬೀದಿಗೆ. ಸುಮ್ಮನಿದ್ದರೆ ನಾನು ಊರಿಗೆಲ್ಲ ಒಳ್ಳೆಯವನು, ಅವಳು ಆ ಕೊಟ್ಟಿಗೆಯಲ್ಲೇ ಸಾಯೋವರೆಗೆ. ಡಾರ್ಲಾಗೆ ಹೇಳಿದೆ. ಅವಳು ಬಟ್ಟೆ ಮಡಿಸುತ್ತಾ, 'ಮಾತು ಕೊಟ್ಟಿದ್ದು ಯಾರಿಗೆ?' ಅಂತ ಕೇಳಿದಳು. ಜನಕ್ಕೆ ಅಂದೆ. 'ಆರ್ಡಿಸ್ ಜನ ಅಲ್ವಾ?' ಅಂದಳು. ಅಷ್ಟು ಸುಲಭ ಇಲ್ಲ ಕಣೇ ಅಂದರೆ, 'ಸುಲಭ ಅಂತ ನಾನೆಲ್ಲಿ ಅಂದೆ' ಅಂತ ನನ್ನ ಕಾಲುಚೀಲ ನನ್ನ ಮೇಲೇ ಎಸೆದಳು. ಹೆಂಗಸರ ಹತ್ತಿರ ಸಲಹೆ ಕೇಳಿದರೆ ಪ್ರಶ್ನೆ ಸಿಗುತ್ತೆ.

ಮುಂದಿನ ಸಭೆಯಲ್ಲಿ ನಾನೇ ಎದ್ದು ಆಮೆಹಳ್ಳದ ವಿಷಯ ಮತ್ತೆ ತೆಗೀಬೇಕು ಅಂದೆ. ಅಧ್ಯಕ್ಷ ಡ್ವೇನ್ ಕನ್ನಡಕದ ಮೇಲಿಂದ ನೋಡಿ, 'ಕಾರಣ?' ಅಂದ. ಮನೆಯಲ್ಲಿ ಕೂತು ಪಶ್ಚಿಮದ ಮೂರು ಸೇತುವೆ, ಶಾಲೆ ಬಸ್ಸು, ಎಲ್ಲ ಬರೆದುಕೊಂಡು ಹೋಗಿದ್ದೆ. ಚೀಟಿ ಜೇಬಿನಲ್ಲಿತ್ತು. ಆದರೆ ಬಾಯಿಂದ ಬಂದದ್ದು, 'ಮನಸ್ಸು ಬದಲಾಯ್ತು' ಅಷ್ಟೇ. ಡ್ವೇನ್ ಕನ್ನಡಕ ತೆಗೆದ. 'ಅಷ್ಟೇನಾ?' ಅಂದ. ಅಷ್ಟೇ ಅಂದೆ. ಮೂರಕ್ಕೆ ಎರಡು, ದಾರಿ ಮುಚ್ಚಿತು. ಈ ಸಲ ಕಾಫಿ ತಂದವರು ಯಾರೂ ಇರಲಿಲ್ಲ. ಬಂದಿದ್ದ ಏಳೆಂಟು ಜನ ಕುರ್ಚಿ ಸದ್ದು ಮಾಡಿ ಎದ್ದು ಹೋದರು.

ವಾರದೊಳಗೆ ಯಾರೋ ನಮ್ಮ ಗೇಟಿಗೆ 'ದಾರಿ ಮುಚ್ಚಿದೆ' ಅನ್ನೋ ಕಿತ್ತಳೆ ಬೋರ್ಡು ಕಟ್ಟಿ ಹೋಗಿದ್ದರು. ಕೌಂಟಿಯದೇ ಬೋರ್ಡು, ನಾನೇ ಮಂಜೂರು ಮಾಡಿದ್ದು! ಅದು ಬಿಡು, ತಮಾಷೆ. ಆದರೆ ವರ್ಲಿನ್ ಕೆಫೆಯಲ್ಲಿ ನನಗೆ ಕೇಳೋ ಹಾಗೇ, 'ದಾರಿ ಇಲ್ಲದ ಹೊಲ ಅಗ್ಗಕ್ಕೆ ಸಿಗುತ್ತೆ, ಕಮಿಷನರ್‌ಗೆ ಗೊತ್ತಿಲ್ವಾ' ಅಂದ. ಅವತ್ತು ನಾನು ಕುಡಿಯುತ್ತಿದ್ದ ಕಾಫಿ ಹಾಗೇ ಬಿಟ್ಟು ಬಂದೆ. ತಬ್ಬಿಕೊಂಡವನ ಬಾಯಲ್ಲೇ ಈ ಮಾತು. ಈಗ ನನ್ನ ಎದುರು ಚುನಾವಣೆಗೆ ನಿಲ್ಲೋಕೆ ಅವನೇ ನಾಮಪತ್ರಕ್ಕೆ ಬೇಕಾದ ಮತದಾರರ ಸಹಿ ಕೂಡಿಸುತ್ತಿದ್ದಾನೆ.

ಇನ್ನು ಆರ್ಡಿಸ್. ನವೆಂಬರಿನಲ್ಲಿ ದಿನಸಿ ಅಂಗಡಿಯಲ್ಲಿ ಸಿಕ್ಕಳು. ನಾನು ತಲೆ ಆಡಿಸಿದೆ, ಸಣ್ಣಗೆ ನಕ್ಕೆ ಕೂಡ, ನಮ್ಮಿಬ್ಬರಿಗೇ ಗೊತ್ತಲ್ಲ ಅನ್ನೋ ಹಾಗೆ. ಅವಳು ತಳ್ಳುಗಾಡಿ ಬಿಟ್ಟು ನೆಟ್ಟಗೆ ಬಂದು, ಹತ್ತು ಜನದ ಎದುರು, 'ನಮ್ಮಪ್ಪ ಕಟ್ಟಿದ ಸೇತುವೆ ಕಿತ್ತು ಹಾಕ್ದೆಯಲ್ಲ ಗೇಲನ್ ಸ್ಟಾವಿಗ್, ನಿನ್ನ ಹೊಟ್ಟೆ ತಣ್ಣಗಾಯ್ತಾ? ಇನ್ನು ನಾನು ಎಲ್ಲಿಗೆ ಹೋಗ್ಲಿ?' ಅಂತ ಝಾಡಿಸಿದಳು ನೋಡು! ಅವಳು ಹಾಗೆ ಅನ್ನಲೇಬೇಕು, ಅದು ನನಗೆ ಗೊತ್ತು. ಅದಕ್ಕೇ ತಾನೇ ನಾನು ಅಷ್ಟೆಲ್ಲ ಮಾಡಿದ್ದು. ನಾಟಕ ಅಂದುಕೊಂಡು ತಲೆ ತಗ್ಗಿಸಿ ನಿಂತೆ. ಆದರೆ ರೋಲ್ಫ್, ಅವಳ ಕಣ್ಣಲ್ಲಿ ನೀರಿತ್ತು. ಅದು ನಾಟಕದ ನೀರಾ? ಕೊಟ್ಟಿಗೆಯಲ್ಲಿ ಅವಳು ಹೇಳಿದ್ದನ್ನು ನಾನು ಸರಿಯಾಗಿ ಕೇಳಿಸಿಕೊಂಡೆನಾ? ಇಲ್ಲ, ಬೆನ್ನು ನೋವಿನ ಸಿಟ್ಟಲ್ಲಿ ಆಡಿದ ಮಾತಿಗೆ ನಾನು ಅವಳ ದಾರೀನೇ ಕಿತ್ತುಬಿಟ್ಟೆನಾ? ಕೇಳೋಣ ಅಂದರೆ ಆಮೇಲೆ ಅವಳು ಒಂಟಿಯಾಗಿ ಸಿಗಲೇ ಇಲ್ಲ. ಅವಳ ಮನೆಗೆ ಹೋದರೆ ಹೊಲದ ವ್ಯಾಪಾರಕ್ಕೆ ಹೋದ ಅಂತಾರೆ.

ಜನವರಿಯಲ್ಲಿ ಕುರಿ, ಕೊಟ್ಟಿಗೆ ಸಾಮಾನು ಹರಾಜಾಯ್ತು. ಹೋಗಬೇಡ ಅಂತ ಡಾರ್ಲಾ ಅಂದಳು, ಆದರೂ ಹೋಗಿ ಹಿಂದೆ ಬೇಲಿ ಹತ್ತಿರ ನಿಂತೆ. ಹೆಪ್ಪುಗಟ್ಟಿದ ನೆಲದ ಮೇಲೆ ಜನ ಕಾಲು ಕುಟ್ಟುತ್ತಾ ನಿಂತಿದ್ದರು. ಹರಾಜು ಕೂಗೋನು ಒಂದೊಂದು ಹಿಂಡೂ ಎಣಿಸುವಾಗ ಆರ್ಡಿಸ್ ಅವನ ಪಕ್ಕದಲ್ಲೇ ನಿಂತು ನೋಡಿದಳು, ಅಳಲಿಲ್ಲ, ನಗಲೂ ಇಲ್ಲ. ನನ್ನ ಮುಂದೆಯೇ ಹಾದುಹೋದಳು, ನಾನು ಬೇಲಿಗೂಟ ಅನ್ನೋ ಹಾಗೆ. ಹೊಲವನ್ನು ಉತ್ತರದ ಪಕ್ಕದ ಜಮೀನಿನ ಗಂಡಹೆಂಡತಿ ಕೊಂಡರು, ನಾನಲ್ಲ ಅಂತ ಕಾಗದದಲ್ಲೇ ಇದೆ. ಈಗ ಅವರು ನನ್ನ ಬೇನಾಮಿ ಅಂತೆ. ನಾನು ಅವರ ಜೊತೆ ಒಟ್ಟು ಎರಡು ಸಲ ಮಾತಾಡಿದ್ದೀನಿ, ಎರಡು ಸಲವೂ ಕಳೆ ವಿಷಯ.

ಹೋದ ಗುರುವಾರ ಒಬ್ಬ ಪೆಟ್ರೋಲ್ ಬಂಕಿನಲ್ಲಿ ನನ್ನ ಗಾಡಿ ಕಿಟಕಿ ತಟ್ಟಿದ. ಪಶ್ಚಿಮ ಭಾಗದವನು, ಹೆಸರೂ ಗೊತ್ತಿಲ್ಲ. ಟೋಪಿ ತೆಗೆದು, 'ನಮ್ಮ ಸೇತುವೆ ಕೆಲಸ ವಸಂತದಲ್ಲಿ ಶುರುವಂತೆ, ನನ್ನ ಹೆಣ್ಣುಮಕ್ಕಳು ಬಸ್ಸಿಗೋಸ್ಕರ ನಾಲ್ಕು ಮೈಲಿ ಸುತ್ತಬೇಕಾಗಿಲ್ಲ, ಧೈರ್ಯ ಮಾಡಿದ್ರಿ, ಉಪಕಾರ' ಅಂದ. ನಾನು ಅವನಿಗೋಸ್ಕರ ಏನೂ ಮಾಡಿರಲಿಲ್ಲ. ಯಾರಿಗೆ ಒಳ್ಳೇದು ಮಾಡಿದೆನೋ ಅವಳು ಬೈತಾಳೆ, ಯಾರ ನೆನಪೂ ಇರಲಿಲ್ಲವೋ ಅವನು ಕೈ ಮುಗೀತಾನೆ, ಮಾತು ಉಳಿಸಿಕೊಂಡಾಗ ತಪ್ಪು ಮಾಡಿದೆ, ಮಾತು ಮುರಿದಾಗ ಸರಿ ಮಾಡಿದೆನೋ ಏನೋ, ಅದೂ ಖಾತ್ರಿಯಿಲ್ಲ. ಹೊಲದಲ್ಲಾದರೆ ಬಿತ್ತಿದ್ದು ಜೋಳವೋ ಸೋಯಾವೋ ಅಂತ ಮೂರು ವಾರದಲ್ಲಿ ಮೊಳಕೆ ಹೇಳುತ್ತೆ. ಇದರಲ್ಲಿ ಏನು ಬಿತ್ತಿದೆ ಅಂತಲೇ ತಿಳಿಯಲ್ಲ.

ಮಾರ್ಚಿ ಕೊನೆಯೊಳಗೆ ನಾಮಪತ್ರ ಹಾಕಬೇಕು. ನಿಂತರೆ ಸೋಲ್ತೀನಿ, ಅದರಲ್ಲಿ ಅನುಮಾನವಿಲ್ಲ. ನಿಲ್ಲದಿದ್ದರೆ, ಕಳ್ಳ, ಅದಕ್ಕೇ ಓಡಿಹೋದ ಅಂತಾರೆ. ಡಾರ್ಲಾ ನಿಂತು ಸೋಲು, ಆಮೇಲೆ ಆಲೂಗಡ್ಡೆಗೆ ನೆಟ್ಟಗೆ ಉತ್ತರ ಕೊಡೋದು ಕಲಿ ಅಂತಿದ್ದಾಳೆ. ನಿಲ್ಲೋದು ಅಂತಲೇ ಇದ್ದೀನಿ, ಇವತ್ತಿನ ಮಟ್ಟಿಗೆ. ನೀನು ಏನಂತೀಯ ಬರಿ. ಹೂಂ ಅಂತ ಮಾತ್ರ ಬರೀಬೇಡ.

ಬೆರಳು ಜೋಪಾನ. ಉಣ್ಣೆಯ ಒಳಅಂಗಿ ಹಾಕಿಕೋ, ನಾಚಿಕೆ ಪಡೋ ವಯಸ್ಸು ದಾಟಿದೆ. ಡಾರ್ಲಾ ನಿನ್ನನ್ನು ಕೇಳಿದಳು ಅಂತ ಬರೆಯೋಕೆ ಹೇಳಿದಳು, ಜೊತೆಗೆ ಎರಡು ಬೈಗುಳವನ್ನೂ ಬರೆಯೋಕೆ ಹೇಳಿದಳು, ಅದನ್ನು ನೀನೇ ಸೇರಿಸಿಕೊಂಡು ಓದು. ದೇವರು ನಿನ್ನನ್ನು ನೀರಿನ ಮೇಲೆ ಕಾಪಾಡಲಿ.

ನಿನ್ನ ಅಣ್ಣ,
ಗೇಲನ್

ಮತ್ತೆ: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಆರ್ಡಿಸ್ ಬಂದಳು. ಒಳಗೆ ಬರಲಿಲ್ಲ, ಗಾಡಿ ಆಫ್ ಮಾಡಲಿಲ್ಲ. ನಿನ್ನ ವಿಳಾಸ ಕೇಳಿದಳು. ಈ ಲಕೋಟೆ ಮೇಲಿಂದಲೇ ನೋಡಿ ಬರೆದುಕೊಂಡಳು. ಅಂಗಡಿಯಲ್ಲಿ ಅತ್ತಿದ್ದು ನಿಜವಾ, ನಾಟಕವಾ ಅಂತ ಮಾತ್ರ ಕೇಳಿದೆ. 'ಎರಡೂ' ಅಂದಳು. ಅದರರ್ಥ ನನಗಾಗಲಿಲ್ಲ. ನಿನ್ನಲ್ಲಿಗೇ ಹೊರಟಿದ್ದಾಳೆ, ಶನಿವಾರ ವಿಮಾನ, ಅಲ್ಲಿಂದ ಹಡಗಂತೆ. ನೀನು ಒಂಟಿಯೋ ಅಲ್ಲವೋ ಅಂತ ನನಗೇ ಗೊತ್ತಿಲ್ಲ, ನೀನು ಯಾವತ್ತೂ ಬರೆದಿಲ್ಲ; ಹಾಗೇ ಅಂದೆ. ಹೋಗಿ ನೋಡ್ತೀನಿ ಅಂದಳು. ವಿಳಾಸ ಕೊಟ್ಟದ್ದು ತಪ್ಪಾಗಿದ್ದರೆ ನನಗೆ ಬೈ, ಅವಳಿಗೆ ಬೇಡ. ಈ ಕಾಗದ ಮೊದಲು ಬರುತ್ತೋ, ಅವಳು ಮೊದಲು ಬರ್ತಾಳೋ, ಅದೂ ಗೊತ್ತಿಲ್ಲ. — ಗೇ.